ಸೈಮಾಳ ಮೂಗು, ಸುಲೋನ ಗಾಳಿ

ಉತ್ತರದ ಹಿಮದ ಕಾಡುಸೀಮೆಯ ಸಣ್ಣ ಊರು ಪೆಲ್ಟೋ ಕಾರ್ನರಿನಲ್ಲಿ ಯಾರ ಮನೆಯ ಹಾಲು ಕೆಟ್ಟರೂ ಆ ಮನೆಯವರಿಗಿಂತ ಮೊದಲು ಗೊತ್ತಾಗುತ್ತಿದ್ದದ್ದು ಸೈಮಾ ರೌಟಿಯೊಗೆ. ಇದು ಹೊಗಳಿಕೆಯಲ್ಲ, ಇದ್ದ ಸಂಗತಿ. ಸಹಕಾರಿ ಅಂಗಡಿಯಲ್ಲಿ ಅವಳು ಇಪ್ಪತ್ತೆರಡು ವರ್ಷ ದುಡಿದಳು. ಅಷ್ಟೂ ವರ್ಷ ಅಲ್ಲಿಂದ ಹಳಸಿದ ಮಾಂಸದ ಒಂದು ತುಣುಕೂ ಗಿರಾಕಿಯ ಕೈಗೆ ಹೋಗಲಿಲ್ಲ. ಒಮ್ಮೆ ರಸ್ತೆಯಲ್ಲಿ ತನ್ನ ಪಾಡಿಗೆ ನಡೆದುಹೋಗುತ್ತಿದ್ದವಳು ಸರಕ್ಕನೆ ಶಾಲೆಯೊಳಗೆ ನುಗ್ಗಿ, ಅಡುಗೆಮನೆಯಲ್ಲಿ ಗ್ಯಾಸ್ ಸೋರುತ್ತಿದೆ, ಮಕ್ಕಳನ್ನು ಹೊರಗೆ ಕಳಿಸಿ ಎಂದಳು. ಸೋರುತ್ತಿತ್ತು. ಚರ್ಚಿನಲ್ಲಿ ಹಿಂದಿನ ಬೆಂಚಿನವನು ಬೆಳಿಗ್ಗೆ ಏನು ಕುಡಿದು ಬಂದಿದ್ದಾನೆಂಬುದೂ ತಿರುಗಿ ನೋಡದೆ ಅವಳಿಗೆ ತಿಳಿಯುತ್ತಿತ್ತು. ಪುಣ್ಯಕ್ಕೆ ಅದನ್ನು ಮಾತ್ರ ಯಾರಿಗೂ ಹೇಳುತ್ತಿರಲಿಲ್ಲ.

ಅವಳು ರೌಟಿಯೊ ಮನೆಗೆ ಸೊಸೆಯಾಗಿ ಬಂದಾಗ ಆ ಮನೆಯ ಗಂಡಸರು ಮೂರು ವರ್ಷದಿಂದ ಜಿಂಕೆ ಬೇಟೆಯಲ್ಲಿ ಬರಿಗೈಯಲ್ಲಿ ಮರಳುತ್ತಿದ್ದರು. ಇಲ್ಲಿ ಅದು ಸಣ್ಣ ಅವಮಾನವಲ್ಲ. ನವೆಂಬರ್ ಹದಿನೈದಕ್ಕೆ ಬೇಟೆ ಶುರುವಾಗುತ್ತದೆಂದರೆ ಶಾಲೆ ಮುಚ್ಚುತ್ತದೆ, ಮರದ ಮಿಲ್ಲು ನಿಲ್ಲುತ್ತದೆ, ಹಲ್ಲು ನೋವು ಬಂದವನು ತಿಂಗಳ ಕೊನೆಯವರೆಗೆ ದವಡೆ ಹಿಡಿದುಕೊಂಡೇ ಇರಬೇಕಾಗುತ್ತದೆ. ಅಂಥ ಊರಿನಲ್ಲಿ ಮೂರು ವರ್ಷ ಬರಿಗೈ. ಹೊಸ ಸೊಸೆ ಮೆಟ್ಟಿಲ ಮೇಲೆ ನಿಂತು, ಹೊರಟು ನಿಂತಿದ್ದ ಗಂಡನ ಕುತ್ತಿಗೆಯ ಹತ್ತಿರ ಬಗ್ಗಿ ಒಮ್ಮೆ ಮೂಸಿದಳು.

"ಆರ್ನೆ, ನಿನ್ ಮೈಯಲ್ಲಿ ಮಿಲ್ಲಿನ ಎಣ್ಣೆ ಇದೆ, ನಿಮ್ಮಮ್ಮ ಹುರಿದ ಮೀನಿದೆ, ನಾಯಿ ಇದೆ, ಬೆಳಿಗ್ಗೆಯ ಕಾಫಿ ಇದೆ," ಎಂದಳು. "ನೀನು ಕಾಡಿಗೆ ಹೋಗ್ತಿಲ್ಲ, ಡಂಗುರ ಸಾರ್ತಿದೀಯ."

ಗಂಡನನ್ನು ಹಾಗೇ ತಿರುಗಿಸಿ ಸೌನಾಕ್ಕೆ ಅಟ್ಟಿದಳು. ಅಂಗಳದ ಮೂಲೆಯಲ್ಲಿ ಮರದ ದಿಮ್ಮಿಗಳಿಂದ ಕಟ್ಟಿದ, ಕಾದ ಕಲ್ಲಿನ ಮೇಲೆ ನೀರು ಸುರಿದು ಆವಿಯಲ್ಲಿ ಬೆವರುವ ಆ ಸ್ನಾನದ ಕೋಣೆ ಇಲ್ಲಿ ಮನೆಗೊಂದು ಇರುತ್ತದೆ. ಸಾಬೂನು ಮುಟ್ಟಬಾರದು, ಬರೀ ಅಡಿಗೆ ಸೋಡಾ ಹಚ್ಚಿ ಉಜ್ಜಿಕೋ ಎಂದು ಹೊರಗಿನಿಂದ ಕೂಗಿದಳು. ಬಟ್ಟೆಗಳನ್ನು ಅದೇ ಸೋಡಾದಲ್ಲಿ ಒಗೆದು, ಗಾಳಿಗೆ ಒಣಗಿಸಿ, ದೇವದಾರು ಜಾತಿಯ ಮರದ ಹಸಿ ಸೊಪ್ಪು ತುಂಬಿದ ಪೆಟ್ಟಿಗೆಯಲ್ಲಿಟ್ಟು ಕೊಟ್ಟಳು. ಆ ವರ್ಷ ಆರ್ನೆ ಹತ್ತು ಕವಲಿನ ಕೊಂಬಿದ್ದ ಗಂಡು ಜಿಂಕೆ ಹೊಡೆದ.

ಮುಗಿಯಿತು. ಮರುವರ್ಷ ಹದಿನಾಲ್ಕನೇ ತಾರೀಖು ಮಧ್ಯಾಹ್ನ ಅಂಗಳದಲ್ಲಿ ಮೂರು ಜನ ನಿಂತಿದ್ದರು, ಅದರಾಚೆಯ ವರ್ಷ ಆರು. ಕಾಡಿನೊಳಗಿನ ರೌಟಿಯೊ ಮನೆಯವರ ಶಿಬಿರದಲ್ಲಿ ಉಳಿದು ಬೇಟೆಯಾಡುವವರೆಲ್ಲ ಮೊದಲು ಇಲ್ಲಿ ಸೌನಾ ಮಾಡಿ, ಶುದ್ಧವಾದ ಬಟ್ಟೆ ತೊಟ್ಟು, ಸಾಲಾಗಿ ನಿಂತು ಸೈಮಾಗೆ ಕುತ್ತಿಗೆ ಒಡ್ಡಬೇಕು. ಅವಳು ಕಿವಿಯ ಹಿಂದೆ ಮೂಸುವಳು, ಆಮೇಲೆ ಕಂಕುಳು, ಆಮೇಲೆ ರಬ್ಬರ್ ಬೂಟಿನ ಬಾಯಿ. ಸರಿಯಿದ್ದರೆ "ಹೋಗು" ಎನ್ನುವಳು. ಸರಿಯಿಲ್ಲದಿದ್ದರೆ ಏನು ತಪ್ಪೆಂದು ಅಂಗಳಕ್ಕೆಲ್ಲ ಕೇಳುವ ಹಾಗೆ ಹೇಳಿ ಮತ್ತೆ ಸೌನಾಕ್ಕೆ ಅಟ್ಟುವಳು. ಮೊದಲು ಹೊಡೆದ ಜಿಂಕೆಯ ಬೆನ್ನಿನ ಮೆತ್ತನೆಯ ಮಾಂಸ ಅವಳ ಮನೆಗೆ ಬರಬೇಕು, ಅದು ಪದ್ಧತಿ. ಸಾಲು ನಿಲ್ಲುವ ದಿನ ಅವಳು ಏಲಕ್ಕಿ ಬ್ರೆಡ್ಡು ಕೂಡ ಸುಡುತ್ತಿರಲಿಲ್ಲ. ಗಂಡಸರ ಗಾಡಿಗಳು ತಿರುವಿನಲ್ಲಿ ಮರೆಯಾದ ಮೇಲೆಯೇ ಹಿಟ್ಟು ಕಲಸುವಳು.

ಈ ಸಾಲಿಗೆ ಒಂದು ದಿನವೂ ಬಾರದವನು ಒಬ್ಬನೇ, ಗಂಡನ ಅಣ್ಣ ಸುಲೋ. ಅವನೂ ಅದೇ ಶಿಬಿರದಲ್ಲಿ ಮಲಗುವವನು, ಅದೇ ಕಾಡಿನಲ್ಲಿ ಬೇಟೆಯಾಡುವವನು. ಆದರೆ ಹದಿನಾಲ್ಕರಂದು ಗಾಡಿಯ ಬಾಗಿಲಿಗೆ ಒರಗಿ, ಬಾಯಲ್ಲಿ ಪೈಪು ಕಚ್ಚಿಕೊಂಡು, ಹೊಗೆ ಬಿಡುತ್ತ ಈ ತಮಾಷೆ ನೋಡುವನು. ಅವನ ಜೇಬಿನಲ್ಲಿ ಸದಾ ಒಂದು ಒಣ ಕಾಯಿ ಇರುತ್ತಿತ್ತು. ನಮ್ಮ ಎಕ್ಕದ ಜಾತಿಯದೇ ಗಿಡದ ಕಾಯಿ, ಒಳಗೆ ಬೆಳ್ಳಗಿನ ರೇಷ್ಮೆಯಂಥ ಹತ್ತಿ. ಅದರ ಒಂದೆಳೆ ಬಿಟ್ಟು ಅದು ಯಾವ ಕಡೆ ತೇಲುತ್ತದೆಂದು ನೋಡಿ, ಗಾಳಿ ತನ್ನ ಮುಖಕ್ಕೆ ಬರುವ ಹಾಗೆ ಕೂರುವುದು, ಅಷ್ಟೇ ಅವನ ವಿದ್ಯೆ.

"ಸೈಮಾ, ನೀನು ಚರ್ಮ ಸುಲಿಯೋ ಹಾಗೆ ಉಜ್ಜಿಸು," ಎನ್ನುತ್ತಿದ್ದ ಅವನು. "ಚರ್ಮದ ಕೆಳಗೂ ಮನುಷ್ಯನೇ ಇರ್ತಾನೆ. ಜಿಂಕೆ ಮೂಗಿಗೆ ಅದು ಸಾಕು. ಗಾಳಿ ಸರಿಯಿದ್ರೆ ನಾನು ಮರದ ಮೇಲೆ ಕೂತು ಮೀನು ಹುರಿದ್ರೂ ಅದಕ್ಕೆ ತಿಳಿಯಲ್ಲ."

"ಗಾಳಿ ತಿರುಗಿದ್ರೆ?"

"ತಿರುಗಿದ್ರೆ ನಾನೂ ತಿರುಗ್ತೀನಿ."

"ಹೌದು ಭಾವ, ಗಾಳಿ ನಿಮ್ ಹತ್ರ ಬಂದು ಹೇಳಿ ತಿರುಗತ್ತೆ! ಸುಳಿಗಾಳಿ ಬಂದಾಗ ನಿಮ್ಮನ್ನ ಕಾಪಾಡೋದು ತೊಳೆದ ಮೈ. ಅರ್ಧ ನಿಮಿಷ ಜಿಂಕೆಗೆ ಅನುಮಾನ ಬರದೇ ಇದ್ರೆ ಸಾಕು, ಗುಂಡು ಹೊಡೆಯೋಕೆ ಅಷ್ಟು ಹೊತ್ತು ತಾನೇ ಬೇಕಾಗಿರೋದು?"

"ಅರ್ಧ ನಿಮಿಷಕ್ಕೆ ಆರು ಜನನ ಬೇಯಿಸ್ತೀಯಲ್ಲ ಮಾರಾಯ್ತಿ."

"ನೀವು ಹೊಗೆ ಹಾಕ್ಕೊಂಡೇ ಹೋಗಿ. ಹೊಗೆ ಹಾಕಿದ ಮಾಂಸ ಅಂತ ಕರಡಿ ಖುಷಿ ಪಡತ್ತೆ."

ಈ ಮಾತುಕತೆ ಮೂವತ್ತೊಂಬತ್ತು ವರ್ಷ ನಡೆಯಿತು, ಹೆಚ್ಚುಕಡಿಮೆ ಇದೇ ಮಾತುಗಳಲ್ಲಿ. ಸುಲೋ ಕೂಡ ಜಿಂಕೆ ಹೊಡೆಯುತ್ತಿದ್ದ, ಸಾಲಿನವರೂ ಹೊಡೆಯುತ್ತಿದ್ದರು. ಯಾರ ಮಾತು ಗೆದ್ದಿತೆಂದು ಹೇಳಲು ಬರುವ ಹಾಗಿರಲಿಲ್ಲ. ಹಾಗಾಗಿಯೇ ಇಬ್ಬರಿಗೂ ಅದು ಹಿತವಾಗಿತ್ತೆಂದು ಕಾಣುತ್ತದೆ.

ಸೈಮಾಗೆ ಅರವತ್ತಮೂರು ತುಂಬಿದ ವರ್ಷ, ಮಾರ್ಚಿನಲ್ಲಿ, ಒಂದು ಕೆಟ್ಟ ಜ್ವರ ಬಂತು. ಹತ್ತು ದಿನ ಮಲಗಿದಳು. ಎದ್ದು ಒಲೆಯ ಹತ್ತಿರ ಹೋಗಿ ಕಾಫಿಗೆ ನೀರಿಟ್ಟು, ಪುಡಿಯ ಡಬ್ಬಿ ತೆಗೆದಳು. ಡಬ್ಬಿಯಲ್ಲಿ ಪುಡಿ ಇತ್ತು, ವಾಸನೆ ಇರಲಿಲ್ಲ. ಪುಡಿ ಹಳತಾಗಿರಬೇಕೆಂದುಕೊಂಡಳು. ಏಲಕ್ಕಿ ಜಜ್ಜಿದಳು. ಇಲ್ಲ. ವಿನಿಗರ್ ಶೀಶೆಯನ್ನು ಮೂಗಿಗೆ ಹಿಡಿದಳು. ಕಣ್ಣಲ್ಲಿ ನೀರು ಬಂತು, ವಾಸನೆ ಬರಲಿಲ್ಲ. ಆಗ ಕುರ್ಚಿಯ ಮೇಲೆ ಕುಕ್ಕರಿಸಿದಳು.

ಪಟ್ಟಣದ ಡಾಕ್ಟರು ಮೂಗಿನೊಳಗೆ ದೀಪ ಬಿಟ್ಟು ನೋಡಿ, ಬಂದರೆ ಬರಬಹುದು, ಬಾರದೆಯೂ ಇರಬಹುದು ಎಂದರು. ಅದನ್ನು ಕೇಳಲು ಅಷ್ಟು ದೂರ ಹೋಗಬೇಕಿರಲಿಲ್ಲ. ಮೊಣಕಾಲು ತೋರಿಸಿಕೊಂಡು ಬಂದೆ ಎಂದು ಗಂಡನಿಗೆ ಹೇಳಿದಳು.

ಯಾಕೆ ಹೇಳಲಿಲ್ಲ ಎಂದರೆ, ಹೇಳಲು ನಾಚಿಕೆಯಾಯಿತು, ಅಷ್ಟೇ. ಓದಿದವಳಲ್ಲ, ಹಾಡಿದವಳಲ್ಲ, ಮಕ್ಕಳಾಗಲಿಲ್ಲ. ಈ ಊರಿನಲ್ಲಿ ಅವಳು ಯಾರು ಎಂದು ಕೇಳಿದರೆ ಜನ ತಮ್ಮ ಮೂಗನ್ನು ಮುಟ್ಟಿ ತೋರಿಸುತ್ತಿದ್ದರು. ಅದೂ ಹೋಯಿತೆಂದರೆ ಉಳಿದವಳು ಯಾರು ಎಂದು ಅವಳಿಗೇ ಗೊತ್ತಿರಲಿಲ್ಲ. ಭಯವಾಯಿತು. ನವೆಂಬರ್ ಹೊತ್ತಿಗೆ ಬರುತ್ತದೆ, ಬರಲೇಬೇಕು ಎಂದು ದಿನಕ್ಕೆ ಹತ್ತು ಸಲ ಏಲಕ್ಕಿ ಡಬ್ಬಿ ತೆಗೆದು ಮುಚ್ಚುತ್ತಿದ್ದಳು.

ಮುಚ್ಚಿಡುವುದು ಅಂಥ ಕಷ್ಟವಾಗಲಿಲ್ಲ. ಬ್ರೆಡ್ಡಿಗೆ ಗಡಿಯಾರ ನೋಡಿದಳು. ಹಾಲನ್ನು ಗಾಜಿನ ಲೋಟದಲ್ಲಿ ಬೆಳಕಿಗೆ ಹಿಡಿದಳು. ಮಾಂಸವನ್ನು ಬೆರಳಿನಿಂದ ಒತ್ತಿ ತಿಳಿದಳು. ಮರದ ಮಿಲ್ಲು ಬಿಟ್ಟ ಮೇಲೆ ಮೂವತ್ತು ವರ್ಷ ಕಾಗದದ ಕಾರ್ಖಾನೆಯ ಗಂಧಕದ ಹೊಗೆ ಕುಡಿದ ಆರ್ನೆಯ ಮೂಗು ಯಾವತ್ತೂ ಅಷ್ಟಕ್ಕಷ್ಟೆ. ಅಕ್ಕಪಕ್ಕದವರು ಏನಾದರೂ ತಂದು ಮೂಸಿ ನೋಡು ಎಂದರೆ ಮೂಸುವಳು, ಅವರ ಮುಖ ನೋಡುವಳು, ತಂದವರಿಗೆ ಅನುಮಾನವಿದ್ದರೆ ಬಿಸಾಕು ಎನ್ನುವಳು. ತಪ್ಪಾಗಲಿಲ್ಲ. ಅನುಮಾನವಿಲ್ಲದೆ ಯಾರು ತರುತ್ತಾರೆ?

ನವೆಂಬರ್ ಬಂತು, ಮೂಗು ಬರಲಿಲ್ಲ. ಆ ವರ್ಷ ಹಿಮವೂ ಬರಲಿಲ್ಲ. ಹದಿಮೂರು ಹದಿನಾಲ್ಕು ಆದರೂ ನೆಲ ಒದ್ದೆಯಾಗಿ, ಗಾಳಿ ಬೆಚ್ಚಗೆ, ಮಲಗಬೇಕಾದ ಪ್ರಾಣಿಗಳೆಲ್ಲ ಎದ್ದು ತಿರುಗಾಡುತ್ತಿದ್ದವು. ಆರ್ನೆ ಪ್ರತಿ ವರ್ಷದ ಹಾಗೆ ತನ್ನ ಸೌನಾ ಮುಗಿಸಿಕೊಂಡು ಎರಡು ದಿನ ಮೊದಲೇ ಶಿಬಿರಕ್ಕೆ ಹೋಗಿ ಸೌದೆ ಒಡೆಯುತ್ತಿದ್ದ. ಮನೆಯಲ್ಲಿ ಇದ್ದವರು ಸೈಮಾ ಮತ್ತು ಅವರ ಕರಿ ನಾಯಿ ಮುಸ್ತಿ.

ಹದಿನಾಲ್ಕರ ಬೆಳಿಗ್ಗೆ ಮುಸ್ತಿ ಸೌನಾದ ಕೆಳಗೆ ನುಗ್ಗಿ ಬೊಗಳಿತು, ಆಮೇಲೆ ಕುಂಯ್ ಎಂದು ಹೊರಗೆ ಬಂದು ಹುಲ್ಲಿನಲ್ಲಿ ಮೂತಿ ತಿಕ್ಕಿಕೊಂಡಿತು. ಹೆಗ್ಗಣವೇನೋ ಕಚ್ಚಿರಬೇಕೆಂದು ಸೈಮಾ ಅದರ ಮೂತಿ ಒರೆಸಿ ಒಳಗೆ ಬಿಟ್ಟುಕೊಂಡಳು. ಅದು ಹೋಗಿ ಒಲೆಯ ಮುಂದಿನ ಕಂಬಳಿಯ ಮೇಲೆ ಉರುಳಾಡಿತು.

ಹೆಗ್ಗಣವಲ್ಲ, ಅದು ಸ್ಕಂಕ್. ಬೆನ್ನ ಮೇಲೆ ಬಿಳಿ ಪಟ್ಟೆಯ, ಬೆಕ್ಕಿನಷ್ಟು ದೊಡ್ಡ ಪ್ರಾಣಿ. ಹೆದರಿದರೆ ಬಾಲವೆತ್ತಿ ಹಿಂದಿನಿಂದ ಒಂದು ರಸ ಚಿಮ್ಮಿಸುತ್ತದೆ. ಅದರ ನಾತ ಬಿದ್ದ ಬಟ್ಟೆಯನ್ನು ಇಲ್ಲಿಯ ಜನ ಒಗೆಯುವುದಿಲ್ಲ, ಹೂಳುತ್ತಾರೆ. ಸೌನಾದ ನೆಲದ ಹಲಗೆಗಳ ಸಂದಿಯಿಂದ ಆ ನಾತ ಮೇಲೆದ್ದು, ಬಟ್ಟೆ ಬದಲಿಸುವ ಕೋಣೆಯಲ್ಲಿ ಸೊಪ್ಪಿನ ಪೆಟ್ಟಿಗೆಯಿಂದ ಆಗತಾನೆ ತೆಗೆದು ತೂಗುಹಾಕಿದ್ದ ಐದು ಜನರ ಅಂಗಿ, ಕೋಟು, ಟೋಪಿಗಳಿಗೆಲ್ಲ ಹತ್ತಿತ್ತು.

ಮಧ್ಯಾಹ್ನ ಐವರೂ ಬಂದರು. ಶಾಲೆಯ ಬಸ್ಸು ಓಡಿಸುವ ರೇ ನಿಯೆಮೆಲಾ ಎಲ್ಲರಿಗಿಂತ ಮುಂದೆ, ಅವನ ಹಿಂದೆ ಮಿಲ್ಲಿನ ನಾಲ್ವರು. ಸುಲೋ ಎಂದಿನಂತೆ ಗಾಡಿಗೆ ಒರಗಿದ್ದ. ಅಂಗಳಕ್ಕೆ ಕಾಲಿಟ್ಟವರು ನಿಂತುಬಿಟ್ಟರು, ಒಬ್ಬರ ಮುಖ ಒಬ್ಬರು ನೋಡಿದರು. ಸೈಮಾ ಮೆಟ್ಟಿಲ ಮೇಲೆ ಶಾಂತವಾಗಿ ನಿಂತಿದ್ದಳು. ಅವಳೇ ಏನಾದರೂ ಹೇಳುತ್ತಾಳೆ ಎಂದು ಅವರು ಕಾದರು. ಅವರು ಯಾಕೆ ಕಾಯುತ್ತಿದ್ದಾರೆಂದು ಅವಳಿಗೆ ತಿಳಿಯಲಿಲ್ಲ.

"ಏನ್ ನೋಡ್ತಿದೀರ? ಸೌನಾ ಕಾದಿದೆ, ನಡೀರಿ," ಎಂದಳು.

ನಡೆದರು. ಮಿಂದರು. ನಾರುವ ಬಟ್ಟೆ ತೊಟ್ಟು ಬಂದು ಸಾಲಾಗಿ ನಿಂತರು. ರೇಯ ಕಣ್ಣು ಕೆಂಪಗಾಗಿ ನೀರಾಡುತ್ತಿತ್ತು. ಸೈಮಾ ಅವನ ಕಿವಿಯ ಹಿಂದೆ ಮೂಸಿದಳು. ತಾನು ಬೇಸಗೆಯೆಲ್ಲ ಅಭ್ಯಾಸ ಮಾಡಿದ್ದ ಹಾಗೆ ಹುಬ್ಬು ಸ್ವಲ್ಪ ಗಂಟಿಕ್ಕಿ, ಬಿಡಿಸಿ, "ಹೋಗು" ಎಂದಳು.

"ಸೈಮಾ, ಸರಿಯಾಗಿ ನೋಡಿದ್ಯಾ?"

"ಯಾಕೋ? ನಲವತ್ತು ವರ್ಷದಲ್ಲಿ ಯಾವತ್ತಾದ್ರೂ ಸರಿಯಾಗಿ ನೋಡದೇ ಬಿಟ್ಟಿದೀನಾ ನಿನ್ನ?"

"ಇಲ್ಲ, ಅದಕ್ಕಲ್ಲ, ಅಂದ್ರೆ..."

"ಹೋಗು ಅಂದ್ರೆ ಹೋಗು."

ಐವರಿಗೂ ಹೋಗು ಎಂದಳು. ಒಬ್ಬೊಬ್ಬರಾಗಿ ಗಾಡಿ ಹತ್ತಿದರು. ಸುಲೋ ಮಾತ್ರ ಬಾಯಿಂದ ಪೈಪು ತೆಗೆದು ಅವಳನ್ನೇ ನೋಡಿದ, ಮತ್ತೆ ಬಾಯಿಗಿಟ್ಟುಕೊಂಡ. ಆ ದಿನ ಅವನು ಮೀನಿನ ಮಾತೂ ಆಡಲಿಲ್ಲ, ಗಾಳಿಯ ಮಾತೂ ಆಡಲಿಲ್ಲ. ಅವಳಿಗೆ ಅದು ಸ್ವಲ್ಪ ವಿಚಿತ್ರವೆನಿಸಿತು. ಆದರೆ ಕಂಟಕ ಕಳೆಯಿತೆಂಬ ನೆಮ್ಮದಿಯಲ್ಲಿ ಒಳಗೆ ಹೋಗಿ ಹಿಟ್ಟು ಕಲಸಿದಳು.

ಮರುದಿನ ರೇಯ ಹೆಂಡತಿ ಲೆಂಪಿ ಕಾಫಿಗೆಂದು ಬಂದಳು. ಬಾಗಿಲು ತೆರೆದವಳು ಅಲ್ಲೇ ನಿಂತು ಸೆರಗಿನಂತೆ ತಲೆವಸ್ತ್ರವನ್ನು ಮೂಗಿಗೆ ಒತ್ತಿಹಿಡಿದಳು.

"ಅಯ್ಯೋ ದೇವರೇ! ಸ್ಕಂಕ್ ಏನು ಮನೆಯೊಳಗೇ ಬಿಟ್ಕೊಂಡಿದೀಯ? ಈ ನಾತದಲ್ಲಿ ಅದ್ಹೇಗೆ ಕೂತಿದೀಯ ಮಾರಾಯ್ತಿ? ಕಿಟಕಿ ತೆಗಿ, ಎಲ್ಲಾ ಕಿಟಕಿ ತೆಗಿ!"

ಸೈಮಾ ಒಲೆಯ ಕಡೆ ತಿರುಗಿದಳು. ಮುಸ್ತಿ ಒಲೆಯ ಮುಂದೆ ಬಾಲ ಆಡಿಸುತ್ತ ಮಲಗಿತ್ತು. ಸೌನಾದ ಕೆಳಗಿನ ಬೊಗಳಾಟ, ಗಂಡಸರ ಮುಖ, ರೇಯ ಕೆಂಪು ಕಣ್ಣು, ಎಲ್ಲ ಒಟ್ಟಿಗೆ ಅರ್ಥವಾಯಿತು.

"ಕೂತು ಕೂತು ಅಭ್ಯಾಸ ಆಯ್ತು," ಎಂದಳು.

"ನಮ್ಮವ್ರು ನಿನ್ನೆ ಹೀಗೇ ಹೋದ್ರಾ? ನೀನು ಕಳಿಸಿದ್ಯಾ?"

"ಕಳಿಸ್ದೆ."

ಲೆಂಪಿ ಕಣ್ಣು ಕಿರಿದು ಮಾಡಿ ನೋಡಿದಳು. ಸೈಮಾ ಕಾಫಿ ಸುರಿಯುವ ನೆಪದಲ್ಲಿ ಬೆನ್ನು ತಿರುಗಿಸಿದಳು. ಕಾಫಿ ತಟ್ಟೆಗೆ ಚೆಲ್ಲಿತು.

ಅಂದಿನಿಂದ ಹದಿನೈದು ದಿನ ಅವಳು ಬದುಕಿದ್ದು ಒಂದೇ ಯೋಚನೆಯಲ್ಲಿ. ಜಿಂಕೆ ಸಿಗದಿದ್ದರೆ ತಾನು ಸಿಕ್ಕಿಬಿದ್ದ ಹಾಗೆ. ಊರೆಲ್ಲ ನಗುತ್ತದೆ, ನಕ್ಕ ಮೇಲೆ ಅಯ್ಯೋ ಪಾಪ ಎನ್ನುತ್ತದೆ. ಅದು ನಗುವುದಕ್ಕಿಂತ ಕೆಟ್ಟದ್ದು. ಸಿಕ್ಕಿದರೆ? ನಾರುತ್ತ ಹೋದವರಿಗೂ ಜಿಂಕೆ ಸಿಕ್ಕಿತೆಂದರೆ ನಲವತ್ತು ವರ್ಷ ತಾನು ಒಗೆಸಿದ್ದು, ಬೇಯಿಸಿದ್ದು, ಮೂಸಿದ್ದು ಎಲ್ಲ ಯಾವ ಲೆಕ್ಕಕ್ಕೆ? ಸುಲೋನ ಮಾತೇ ನಿಜವಾಯಿತಲ್ಲ. ಯಾವುದನ್ನು ಬೇಡಿಕೊಳ್ಳಬೇಕೆಂದು ತಿಳಿಯದೆ ಚರ್ಚಿನಲ್ಲಿ ಸುಮ್ಮನೆ ಕೈಮುಗಿದು ಕೂತು ಎದ್ದು ಬಂದಳು.

ಸಿಕ್ಕಿತು. ಸಿಕ್ಕಿತೆಂದರೆ, ಶಿಬಿರದ ನೆನಪಿನಲ್ಲೇ ಅಂಥ ವರ್ಷ ಇರಲಿಲ್ಲ. ಗಾಡಿಗಳು ಅಂಗಳಕ್ಕೆ ಬಂದಾಗ ಹಿಂದೆ ಕೊಂಬಿದ್ದ ಐದು ಗಂಡು ಜಿಂಕೆಗಳು ಮಲಗಿದ್ದವು. ರೇ ಕೆಳಗೆ ಹಾರಿ ಎರಡೂ ಕೈಯಲ್ಲಿ ಬೆನ್ನಿನ ಮಾಂಸದ ಪೊಟ್ಟಣ ಎತ್ತಿಹಿಡಿದ.

"ಸೈಮಾ, ನೀನು ಮನುಷ್ಯಳಲ್ಲ ಕಣೆ!" ಎಂದು ಕೂಗಿದ. "ದಾರಿ ಉದ್ದಕ್ಕೂ ಬೈಕೊಂಡ್ ಹೋದ್ವಿ, ಸೈಮಾಗೆ ಬುದ್ಧಿ ಕೆಟ್ಟಿದೆ ಅಂತ. ಆರ್ನೆ ನಮ್ಮನ್ನ ಒಳಗೆ ಸೇರಿಸ್ಲಿಲ್ಲ ಗೊತ್ತಾ? ಬಟ್ಟೆ ಎಲ್ಲಾ ಹೊರಗೆ ಮರಕ್ಕೆ ನೇತುಹಾಕ್ಸಿದ. ಮೊದಲ್ನೇ ದಿನ, ನನ್ ಕಡೆಯಿಂದ ಗಾಳಿ ಸೀದಾ ಜಿಂಕೆ ಕಡೆಗೆ, ಅದು ತಲೆ ಎತ್ತಿತು, ಮೂಸಿತು, ಮತ್ತೆ ಮೇಯೋಕೆ ಶುರು ಮಾಡ್ತು! ಸ್ಕಂಕ್ ಅಂದ್ಕೊಂಡ್ತು ನನ್ನ! ಆಗ ಗೊತ್ತಾಯ್ತು ನಿನ್ ಉಪಾಯ. ಮನುಷ್ಯನ ವಾಸನೆ ತೊಳೆಯೋದಲ್ಲ, ಮುಚ್ಚೋದು! ಮೊದ್ಲೇ ಹೇಳ್ಬಾರದಿತ್ತಾ?"

"ಹೇಳಿದ್ರೆ ನೀವು ತೊಟ್ಕೊತಿದ್ರಾ?" ಎಂದುಬಿಟ್ಟಳು ಸೈಮಾ. ಮಾತು ತಾನಾಗಿ ಬಂದಿತ್ತು. ಅಂಗಳವೆಲ್ಲ ಗೊಳ್ಳೆಂದು ನಕ್ಕಿತು.

ಸುಲೋ ನಗಲಿಲ್ಲ. ಅವನ ಗಾಡಿಯಲ್ಲೂ ಬೇರೆಯೇ ಒಂದು ಗಂಡು ಜಿಂಕೆ ಇತ್ತು, ಪೈಪಿನ ಹೊಗೆಯಲ್ಲೇ ಹೊಡೆದದ್ದು. ಅದರ ಬಗ್ಗೆ ಯಾರೂ ಕೇಳಲಿಲ್ಲ, ಅವನೂ ಹೇಳಲಿಲ್ಲ. ಮೂವತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ವಾದ ಗೆಲ್ಲುವ ಸಂದರ್ಭ ಒದಗಿದ್ದರೂ ಬಾಯಿ ಬಿಡದೆ ನಿಂತಿದ್ದ ಆ ಮನುಷ್ಯನನ್ನು ಸೈಮಾ ಓರೆಗಣ್ಣಿನಿಂದ ನೋಡಿದಳು. ಬೇರೆಯವರು ನಂಬಿದ್ದಾರೆ, ಇವನು ನಂಬಿಲ್ಲ ಎಂದು ಅವಳಿಗೆ ಖಾತ್ರಿಯಾಯಿತು. ಬೆನ್ನಿನ ಮಾಂಸವನ್ನು ಆ ಸಂಜೆ ಬೆಣ್ಣೆಯಲ್ಲಿ ಹುರಿದು ಆರ್ನೆಗೆ ಬಡಿಸಿ ತಾನೂ ತಿಂದಳು. ಬೆಚ್ಚಗಿನ ಒದ್ದೆ ಬಟ್ಟೆ ಅಗಿದ ಹಾಗಿತ್ತು.

ಮುಂದಿನ ವರ್ಷವಿಡೀ ಸೈಮಾಳ ಕೀರ್ತಿ ಏರಿತು. ಪಕ್ಕದ ಊರಿನ ಶಿಬಿರದವರು ಬಂದು ಉಪಾಯ ಕೇಳಿಕೊಂಡು ಹೋದರು. ಅದು ಒಂದೇ ಸಲಕ್ಕೆ ನಡೆಯುವ ಆಟ, ಜಿಂಕೆಗಳೇನು ದಡ್ಡವಲ್ಲ, ಈ ವರ್ಷ ಮತ್ತೆ ಸೋಡಾ ಎಂದು ಅವಳು ಎಲ್ಲರ ಬಾಯಿ ಮುಚ್ಚಿಸಿದಳು. ಸುಲೋ ಹದಿನೈದು ದಿನಕ್ಕೊಮ್ಮೆ ತಮ್ಮನ ಮನೆಗೆ ಕಾಫಿಗೆ ಬರುತ್ತಿದ್ದವನು ಬರುತ್ತಲೇ ಇದ್ದ. ಪೈಪು ಬಾಯಲ್ಲಿರುತ್ತಿತ್ತು. ಅವನು ಬಂದಾಗಲೆಲ್ಲ ಸೈಮಾ ಲೋಟ ತೊಳೆಯುವುದೋ, ಕೋಳಿಗಳಿಗೆ ಕಾಳು ಹಾಕುವುದೋ ಏನಾದರೊಂದು ಕೆಲಸ ಹಚ್ಚಿಕೊಂಡು ಅವನ ಎದುರು ಕೂರದೆ ತಪ್ಪಿಸಿಕೊಂಡಳು.

ನವೆಂಬರ್ ಹದಿನಾಲ್ಕು ಬಂತು. ಈ ಸಲ ಹಿಮ ಸಮಯಕ್ಕೆ ಬಿದ್ದಿತ್ತು. ಸೈಮಾ ಒಂದು ವಾರ ಮೊದಲೇ ಸೌನಾದ ಕೆಳಗಿನ ಸಂದಿಗೆ ಹಲಗೆ ಹೊಡೆಸಿ, ಮುಸ್ತಿಯನ್ನು ಕಟ್ಟಿಹಾಕಿಸಿದ್ದಳು. ಐವರು ಮಿಂದು, ಬಟ್ಟೆ ತೊಟ್ಟು ಸಾಲು ನಿಂತರು. ಅವಳು ಮೆಟ್ಟಿಲಿಳಿದು ಬಂದು ನೋಡಿದರೆ ಸಾಲಿನ ಮುಂದೆ ಸುಲೋ ನಿಂತಿದ್ದ. ಟೋಪಿ ತೆಗೆದು, ಕೋಟಿನ ಕೊರಳು ಬಿಡಿಸಿ, ಪೈಪು ಕಚ್ಚಿಕೊಂಡು. ಮೀಯದೆ ಬಂದಿದ್ದ.

ಹಿಂದಿದ್ದ ರೇ ಪಕ್ಕದವನ ಪಕ್ಕೆಗೆ ತಿವಿದ.

"ಏನ್ ಭಾವ, ದಾರಿ ತಪ್ಪಿತಾ?" ಎಂದಳು ಸೈಮಾ.

"ಮೂಸು."

"ನಲವತ್ತು ವರ್ಷ ಆದ್ಮೇಲಾ?"

"ಹೋದ ವರ್ಷ ನಿನ್ ಮೂಗಿನ ಪವಾಡ ನೋಡಿದ್ನಲ್ಲ. ನನ್ನನ್ನೂ ಒಂದ್ಸಲ ನೋಡು."

ಪೈಪನ್ನು ಬಾಯಿಂದ ತೆಗೆದು ಮೆಟ್ಟಿಲ ಪಕ್ಕದ ಕಟಾಂಜನದ ಮೇಲಿಟ್ಟು ಕುತ್ತಿಗೆ ಬಾಗಿಸಿದ. ಇವನು ಪರೀಕ್ಷೆಗೇ ಬಂದಿದ್ದಾನೆ ಎಂದು ಸೈಮಾಗೆ ಗೊತ್ತಾಯಿತು. ಆದರೆ ಇದಕ್ಕಿಂತ ಸುಲಭದ ಪರೀಕ್ಷೆ ಇನ್ನಾವುದಿದೆ? ನಲವತ್ತು ವರ್ಷ ಹೊಗೆಯಲ್ಲಿ ನೆನೆದ ಮನುಷ್ಯ. ಕುರುಡರೂ ಹೇಳಬಹುದು. ಬಗ್ಗಿ ಕಿವಿಯ ಹಿಂದೆ ಮೂಸಿದಳು, ಮುಖ ಕಿವುಚಿದಳು, ಊರಿಗೆಲ್ಲ ಕೇಳುವ ಹಾಗೆ ಹೇಳಿದಳು:

"ಪೈಪು! ಇನ್ನೇನಿರತ್ತೆ? ಇವತ್ತು ಬೆಳಿಗ್ಗೆ ಸೇದಿದ್ದು ಒಂದು, ನಲವತ್ತು ವರ್ಷ ಸೇದಿದ್ದು ಇನ್ನೊಂದು. ಸೌನಾಕ್ಕೆ ನಡೀರಿ ಭಾವ, ಎರಡು ಸಲ ಉಜ್ಕೊಳ್ಳಿ!"

ರೇ ತೊಡೆ ತಟ್ಟಿಕೊಂಡು ನಕ್ಕ. "ಸಿಕ್ಕಿಬಿದ್ದ ಮುದುಕ! ಕೊನೆಗೂ ಸಿಕ್ಕಿಬಿದ್ದ!"

ಸುಲೋ ನೆಟ್ಟಗಾದ. ಅವಳ ಕಣ್ಣನ್ನು ಒಂದು ಗಳಿಗೆ ನೋಡಿದ. ಏನೋ ಹೇಳುತ್ತಾನೆ ಎಂದುಕೊಂಡಳು. "ಸರಿ," ಎಂದ ಅವನು, ಕೋಟು ಕಳಚುತ್ತ ಸೌನಾದ ಕಡೆಗೆ ನಡೆದ. ಉಳಿದ ಐವರನ್ನೂ ಸೈಮಾ ಒಬ್ಬೊಬ್ಬರಾಗಿ ಮೂಸಿ ಹೋಗು ಎಂದಳು, ಅವರು ಇನ್ನೂ ನಗುತ್ತ ಗಾಡಿಗಳಿಗೆ ಸಾಮಾನು ಏರಿಸಲು ಹೋದರು.

ಪೈಪು ಕಟಾಂಜನದ ತುದಿಯಲ್ಲಿ, ಈಗಲೋ ಆಗಲೋ ಬೀಳುವ ಹಾಗಿತ್ತು. ಸೈಮಾ ಅದನ್ನು ಎತ್ತಿಕೊಂಡಳು. ಬಟ್ಟಲಿನಲ್ಲಿ ಬೂದಿ ಇರಲಿಲ್ಲ, ತಂಬಾಕಿನ ಕರಿಯೂ ಇರಲಿಲ್ಲ. ಯಾರೋ ಚಾಕುವಿನಿಂದ ಕೆರೆದು, ತೊಳೆದು, ಒರೆಸಿದ್ದರು, ಮರ ಹೊಸದರಂತೆ ಬೆಳ್ಳಗಿತ್ತು. ಒಳಗೆ ಎಕ್ಕದ ಹತ್ತಿಯಂಥ ಆ ಬಿಳಿ ಎಳೆಗಳನ್ನು ಮೆತ್ತಗೆ ಒತ್ತಿ ತುಂಬಿತ್ತು. ಒಂದು ಕಿಡಿ ಬಿದ್ದಿದ್ದರೂ ಭಗ್ಗೆಂದು ಹೋಗುವಂಥದ್ದು. ಈ ಪೈಪಿಗೆ ತಿಂಗಳುಗಟ್ಟಲೆಯಿಂದ ಬೆಂಕಿ ಮುಟ್ಟಿಲ್ಲ. ಮುದುಕ ಸೇದುವುದನ್ನು ಯಾವಾಗಲೋ ಬಿಟ್ಟಿದ್ದಾನೆ. ಬಿಟ್ಟು, ಅಭ್ಯಾಸಕ್ಕೆ ಬರೀ ಪೈಪು ಕಚ್ಚಿಕೊಂಡು, ಅದರಲ್ಲೇ ತನ್ನ ಗಾಳಿಯ ಹತ್ತಿ ಇಟ್ಟುಕೊಂಡಿದ್ದಾನೆ. ಇಷ್ಟು ತಿಂಗಳು ಅವನು ಇದೇ ಮನೆಯಲ್ಲಿ ಕೂತು ಕಾಫಿ ಕುಡಿದರೂ ಒಂದು ಎಳೆ ಹೊಗೆಯಿಲ್ಲದ್ದು ಅವಳ ಕಣ್ಣಿಗೂ ಬಿದ್ದಿರಲಿಲ್ಲ. ಅವಳು ಅವನ ಮುಖ ನೋಡಿಯೇ ಇರಲಿಲ್ಲವಲ್ಲ.

ಸುಲೋಗೆ ಗೊತ್ತು. ಹೋದ ವರ್ಷದಿಂದ ಅನುಮಾನವಿತ್ತು, ಈಗ ಅನುಮಾನವೂ ಉಳಿದಿಲ್ಲ. ಬೆಳಿಗ್ಗೆ ಸೇದಿದ್ದು ಒಂದು ಎಂದಳಲ್ಲ, ಅದೂ ಎಲ್ಲರೆದುರು! "ಸೇದೋದು ಬಿಟ್ಟು ಎಷ್ಟೋ ತಿಂಗಳಾಯ್ತು" ಎಂದು ಒಂದು ಮಾತು ಅಂದಿದ್ದರೆ ಅಲ್ಲೇ ಮುಗಿದುಹೋಗುತ್ತಿತ್ತು. ಅಂದಿಲ್ಲ. ಸೌನಾದಿಂದ ಬಂದು ಅನ್ನುತ್ತಾನೆಯೇ? ಹತ್ತಿಯ ಒಂದು ಎಳೆ ಬಟ್ಟಲಿನಿಂದ ಎದ್ದು ಅವಳ ಬೆರಳು ದಾಟಿ, ಊರಿನ ಉತ್ತರಕ್ಕಿದ್ದ ಸರೋವರದ ಕಡೆಯಿಂದ ದಕ್ಷಿಣಕ್ಕೆ ತೇಲಿಹೋಯಿತು. ಅವಳು ಪೈಪನ್ನು ಇದ್ದಲ್ಲೇ ಇಟ್ಟು, ಮೆಟ್ಟಿಲ ಮೇಲೆ ಕೈಕಟ್ಟಿ ನಿಂತು ಕಾದಳು. ಸೌನಾದೊಳಗೆ ಕಲ್ಲಿನ ಮೇಲೆ ನೀರು ಸುರಿಯುವ ಸದ್ದು ಒಂದು ಸಲ ಕೇಳಿತು, ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಸಲ. ತೊಳೆಯಲು ಏನೂ ಇಲ್ಲದ ಮನುಷ್ಯ ಅವಳು ಹೇಳಿದ ಹಾಗೆ ಎರಡು ಸಲ ಉಜ್ಜಿಕೊಳ್ಳುತ್ತಿದ್ದ.

ಬಂದ. ಮುಖ ಬೀಟ್‌ರೂಟಿನಂತೆ ಕೆಂಪಾಗಿತ್ತು, ಬೋಳು ತಲೆಯಿಂದ ಆವಿ ಏಳುತ್ತಿತ್ತು. ಗಾಡಿಗಳ ಹತ್ತಿರ ಎಲ್ಲರೂ ಕೆಲಸ ನಿಲ್ಲಿಸಿ ನೋಡಿದರು. ಸುಲೋ ಸೀದಾ ಅವಳ ಮುಂದೆ ಬಂದು ನಿಂತು ಕುತ್ತಿಗೆ ಬಾಗಿಸಿದ.

"ಈಗ?"

ಸೈಮಾ ಬಗ್ಗಿದಳು. ಮೂಗಿಗೆ ಏನೂ ಬರಲಿಲ್ಲ. ಕೆನ್ನೆಗೆ ಅವನ ಚರ್ಮದ ಬಿಸಿ ಮಾತ್ರ ತಾಗಿತು. ಮುಂಚಿನ ದಿನಗಳಲ್ಲಿ ಒಬ್ಬೊಬ್ಬರಿಗೆ ಎಷ್ಟು ಹೊತ್ತು ತೆಗೆದುಕೊಳ್ಳುತ್ತಿದ್ದಳೋ ಅಷ್ಟೂ ಹೊತ್ತು ತೆಗೆದುಕೊಂಡು, ಕಿವಿಯ ಹಿಂದೆ ಆಯಿತು, ಕಂಕುಳು ಆಯಿತು, ಬೂಟಿನ ಬಾಯಿ ಆಯಿತು.

"ಸರಿಯಿದೆ, ಹೋಗಿ," ಎಂದಳು ಎಲ್ಲರಿಗೂ ಕೇಳುವ ಹಾಗೆ. ಆಮೇಲೆ ಅವನೊಬ್ಬನಿಗೆ ಮಾತ್ರ, ಸಣ್ಣ ದನಿಯಲ್ಲಿ, "ಭಾವ, ಗಾಳಿ ಸರೋವರದ ಕಡೆಯಿಂದ ಇದೆ. ನೋಡ್ಕೊಂಡು ಕೂತ್ಕೊಳ್ಳಿ."

ಸುಲೋ ಕಟಾಂಜನದ ಮೇಲಿನ ಪೈಪು ಎತ್ತಿ ಬಾಯಿಗಿಟ್ಟುಕೊಂಡ. ಬಟ್ಟಲನ್ನು ಹೆಬ್ಬೆರಳಿನಿಂದ ಮುಚ್ಚಿಕೊಂಡ.

"ಕೂತ್ಕೋತೀನಿ," ಎಂದ. ಗಾಡಿಯ ಕಡೆಗೆ ನಾಲ್ಕು ಹೆಜ್ಜೆ ಹೋಗಿ ಅಲ್ಲಿಂದಲೇ ಕೂಗಿದ: "ಮುಂದಿನ ವರ್ಷ ಸೌನಾ ಇಷ್ಟು ಕಾಯಿಸ್ಬೇಡ ಮಾರಾಯ್ತಿ, ಬೆಂದೇ ಹೋದೆ!"